ಉಳಿತಾಯಕ್ಕೆ ಮೊದಲು ಪರಿಮಾಣ

ಗೃಹಸ್ಥನಿಗೆ ಧನ ಬೇಕು. ಜೈನಾಚಾರ್ಯರು ಇದನ್ನು ಎಂದೂ ಅಲ್ಲಗಳೆದಿಲ್ಲ. ಮನೆ ನಡೆಸುವುದು, ಮಕ್ಕಳ ಓದು, ಹಿರಿಯರ ಔಷಧೋಪಚಾರ, ಮುನಿಗಳಿಗೆ ಆಹಾರದಾನ, ಬಸದಿಯ ಪೂಜೆ ಇವೆಲ್ಲವೂ ಶ್ರಾವಕನ ದುಡಿಮೆಯಿಂದಲೇ ನಡೆಯಬೇಕು. ಆದ್ದರಿಂದಲೇ ಮುನಿಗೆ ಸರ್ವಪರಿಗ್ರಹ ತ್ಯಾಗವನ್ನು ಮಹಾವ್ರತವಾಗಿ ವಿಧಿಸಿದ ಶಾಸ್ತ್ರವು ಗೃಹಸ್ಥನಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹೇಳಿತು. ಮುನಿಯದು ತ್ಯಾಗ; ಗೃಹಸ್ಥನದು ಪರಿಮಾಣ. ಪರಿಮಾಣವೆಂದರೆ ಅಳತೆ. ‘ನನಗೆ ಇಷ್ಟು ಸಾಕು’ ಎಂಬ ಗಡಿಯನ್ನು ಯಾರ ಬಲವಂತವೂ ಇಲ್ಲದೆ ತಾನೇ ಹಾಕಿಕೊಳ್ಳುವುದು.

ಇಂದಿನ ಅನೇಕ ಕುಟುಂಬಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಸಂಬಳ ಏರಿದೆ, ಉಳಿತಾಯ ಏರಿಲ್ಲ. ತಿಂಗಳ ಮೊದಲ ವಾರ ಬಂದ ಹಣ ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಎಲ್ಲಿ ಹೋಯಿತೆಂದು ಗಂಡನಿಗೂ ತಿಳಿಯದು, ಹೆಂಡತಿಗೂ ತಿಳಿಯದು. ಕೈಯಿಂದ ನೋಟು ಎಣಿಸಿ ಕೊಡುತ್ತಿದ್ದಾಗ ಹಣ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಮೊಬೈಲ್ ತೋರಿಸಿ ಪಾವತಿಸುವ ಕಾಲದಲ್ಲಿ ಅದೂ ಕಾಣುವುದಿಲ್ಲ. ದಿನಕ್ಕೆ 40 ರೂಪಾಯಿಯ ಅನಗತ್ಯ ಖರ್ಚು ಯಾರಿಗೂ ಭಾರವೆನಿಸದು. ವರ್ಷಕ್ಕೆ ಅದು 14,600 ರೂಪಾಯಿ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಕೂಡಿಡುವವನಿಗೆ ಹೇಗೆ ಸತ್ಯವೋ ಕಳೆಯುವವನಿಗೂ ಹಾಗೆಯೇ ಸತ್ಯ.

ಉಳಿತಾಯದ ಉಪಾಯಗಳಿಗೆ ಕೊರತೆಯಿಲ್ಲ. ಅಗ್ಗದ ಅಂಗಡಿ, ರಿಯಾಯಿತಿಯ ದಿನ, ಸಗಟು ಖರೀದಿ ಮುಂತಾದವನ್ನು ಎಲ್ಲರೂ ಬಲ್ಲರು. ಆದರೆ ಗಡಿಯಿಲ್ಲದ ಮನೆಯಲ್ಲಿ ಈ ಉಪಾಯಗಳು ಫಲಿಸುವುದಿಲ್ಲ. ರಿಯಾಯಿತಿಯಲ್ಲಿ ಒಂದು ಸೀರೆಗೆ ಉಳಿದ ಹಣ ಎರಡನೆಯ ಸೀರೆಗೆ ಹೋಗುತ್ತದೆ. ತರಕಾರಿಯಲ್ಲಿ ಉಳಿಸಿದ್ದು ಹೊಸ ಫೋನಿನ ಕಂತಿಗೆ ಸೇರುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಎಂದರೆ ‘ಇದು ನನ್ನದು, ಇದು ನನಗೆ ಬೇಕು’ ಎಂಬ ಒಳಗಿನ ಮಮಕಾರದಲ್ಲಿ ಹೇಳಿದ್ದಾರೆ. ಸೋರುವ ಜಾಗ ಒಳಗಿರುವಾಗ ಹೊರಗಿನ ತೇಪೆ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಪರಿಮಾಣ, ಆಮೇಲೆ ಉಳಿತಾಯ ಎಂಬುದು ಜೈನ ಗೃಹಸ್ಥಧರ್ಮದ ಕ್ರಮ.

ಆನಂದ ಶ್ರಾವಕನ ಲೆಕ್ಕ

ಈ ಕ್ರಮಕ್ಕೆ ಪ್ರಾಚೀನವಾದ ಒಂದು ಉದಾಹರಣೆ ಶ್ವೇತಾಂಬರ ಪರಂಪರೆಯ ಆಗಮಗಳಲ್ಲಿ ಒಂದಾದ ಉಪಾಸಕದಶಾಂಗದಲ್ಲಿದೆ. ವಾಣಿಜ್ಯಗ್ರಾಮದ ಆನಂದನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥ. ಅವನು ಸಾಮಾನ್ಯ ಸಿರಿವಂತನಲ್ಲ. ನಿಧಿಯಲ್ಲಿ ನಾಲ್ಕು ಕೋಟಿ, ವ್ಯವಹಾರದಲ್ಲಿ ನಾಲ್ಕು ಕೋಟಿ, ಮನೆವಾರ್ತೆಯಲ್ಲಿ ನಾಲ್ಕು ಕೋಟಿ ಹೊನ್ನು, ಹತ್ತು ಸಾವಿರ ಗೋವುಗಳ ನಾಲ್ಕು ಹಿಂಡುಗಳು ಅವನಿಗಿದ್ದವೆಂದು ಆ ಗ್ರಂಥ ಹೇಳುತ್ತದೆ. ವ್ರತ ತೆಗೆದುಕೊಳ್ಳುವಾಗ ಅವನು ಈ ಸಂಪತ್ತನ್ನು ಎಸೆಯಲಿಲ್ಲ. ಇದಕ್ಕಿಂತ ಹೆಚ್ಚು ಬೇಡವೆಂದು ಗಡಿ ಹಾಕಿದನು.

ಬಳಿಕ ಅವನು ಮಾಡಿದ್ದು ಇನ್ನೂ ಗಮನಾರ್ಹ. ದಿನಬಳಕೆಯ ಒಂದೊಂದೇ ವಸ್ತುವನ್ನು ಎತ್ತಿಕೊಂಡು ಮಿತಿ ಹೇಳಿದನು. ಮೈ ಒರೆಸುವ ವಸ್ತ್ರ ಒಂದೇ ಬಗೆಯದು. ಹಲ್ಲುಜ್ಜಲು ಹಸಿ ಜ್ಯೇಷ್ಠಮಧುವಿನ ಕಡ್ಡಿ ಮಾತ್ರ. ಹಣ್ಣುಗಳಲ್ಲಿ ನೆಲ್ಲಿ ಮಾತ್ರ. ಸ್ನಾನಕ್ಕೆ ಎಂಟು ಕೊಡ ನೀರು. ಉಡಲು ಒಂದು ಜೊತೆ ಬಟ್ಟೆ. ಹೀಗೆ ಕೋಟಿಗಳ ಒಡೆಯನು ಟವೆಲನ್ನೂ ಸ್ನಾನದ ಕೊಡಗಳನ್ನೂ ಲೆಕ್ಕಕ್ಕೆ ತಂದನು. ಕೊಳ್ಳುವ ಶಕ್ತಿಯಿಲ್ಲದೆ ಅಲ್ಲ, ಕೊಳ್ಳುವ ಶಕ್ತಿಯೇ ಬಳಸುವ ಹಕ್ಕಾಗದೆಂದು ತಿಳಿದದ್ದರಿಂದ. ಮನೆಗೆ ಹಿಂದಿರುಗಿದ ಆನಂದನು ಪತ್ನಿ ಶಿವನಂದೆಗೆ ವಿಷಯ ತಿಳಿಸಿ ಅವಳನ್ನೂ ಭಗವಂತನ ಬಳಿಗೆ ಹೋಗಲು ಪ್ರೇರೇಪಿಸಿದನು. ಅವಳೂ ಶ್ರಾವಿಕೆಯ ವ್ರತಗಳನ್ನು ಕೈಗೊಂಡಳು. ಒಬ್ಬರು ಅಳೆದು ಬಳಸಿ, ಇನ್ನೊಬ್ಬರು ಅಳತೆಯಿಲ್ಲದೆ ಸುರಿದರೆ ಮನೆಯಲ್ಲಿ ಉಳಿಯುವುದು ಜಗಳ ಮಾತ್ರ. ಪರಿಮಾಣವು ಇಬ್ಬರ ಒಪ್ಪಿಗೆಯಿಂದ ಆದಾಗಲೇ ಅದು ಮನೆಯ ವ್ರತವಾಗುತ್ತದೆ.

ಭೋಗ, ಉಪಭೋಗ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬಳಕೆಯ ವಸ್ತುಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಒಮ್ಮೆ ಬಳಸಿದರೆ ಮುಗಿದುಹೋಗುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಬಳಸಬಹುದಾದ ವಸ್ತ್ರಾದಿಗಳು ಉಪಭೋಗ. ಮಿತಿಯಲ್ಲೂ ಎರಡು ಬಗೆ. ಜೀವನಪರ್ಯಂತದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ. ಊಟ, ವಾಹನ, ಹಾಸಿಗೆ, ಸ್ನಾನ, ಲೇಪನ, ಹೂ, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಇವುಗಳಲ್ಲಿ ಇಂದಿಗೆ, ಒಂದು ಹಗಲಿಗೆ, ಒಂದು ರಾತ್ರಿಗೆ, ಪಕ್ಷಕ್ಕೆ, ತಿಂಗಳಿಗೆ, ಋತುವಿಗೆ, ಅಯನಕ್ಕೆ ಎಂದು ಅವಧಿ ಹೇಳಿ ನಿಯಮ ಮಾಡಬಹುದು ಎಂಬುದು ಅವರ ಅಭಿಪ್ರಾಯ.

ಈ ವಿಂಗಡಣೆ ಗೃಹಿಣಿಯ ಲೆಕ್ಕದ ಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ಭೋಗದಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು?’ ಎಂಬುದು. ಉಪಭೋಗದಲ್ಲಿ ಕೇಳಬೇಕಾದದ್ದು ‘ಇರುವುದು ಸವೆದಿದೆಯೇ?’ ಎಂಬುದು. ಮೊದಲನೆಯದನ್ನು ಮರೆತ ಮನೆಯಲ್ಲಿ ಅನ್ನ ಚೆಲ್ಲುತ್ತದೆ. ಎರಡನೆಯದನ್ನು ಮರೆತ ಮನೆಯಲ್ಲಿ ಕಪಾಟು ತುಂಬುತ್ತದೆ.

ಅಡುಗೆಮನೆಯನ್ನೇ ನೋಡಬಹುದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯಲ್ಲಿ ರಾತ್ರಿ ಹತ್ತಕ್ಕೆ ಮೊಬೈಲಿನಲ್ಲಿ ತಿಂಡಿ ತರಿಸುವ ಮಾತೇ ಏಳುವುದಿಲ್ಲ. ದೂರದ ಕಚೇರಿಯಿಂದ ಕತ್ತಲಾದ ಮೇಲೆ ಮರಳುವವರು ಅಷ್ಟಮಿ, ಚತುರ್ದಶಿ ಮತ್ತು ರಜೆಯ ದಿನಗಳಲ್ಲಾದರೂ ಇದನ್ನು ಪಾಲಿಸಬಹುದು. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅದರ ಉದ್ದೇಶ ಜೀವೋತ್ಪತ್ತಿಯಾಗಿ ಹಿಂಸೆ ನಡೆಯಬಾರದೆಂಬುದು. ಆದರೆ ಆ ಮರ್ಯಾದೆಯನ್ನು ಪಾಲಿಸುವ ಮನೆಯು ಬೇಕಾದಷ್ಟನ್ನೇ ಬೀಸಿಸುತ್ತದೆ. ಹುಳು ಹಿಡಿದ ಹಿಟ್ಟನ್ನು ಚೆಲ್ಲುವ ನಷ್ಟವೂ ಅದಕ್ಕಿಲ್ಲ. ಹತ್ತು ಕಿಲೋ ಕೊಂಡರೆ ಅಗ್ಗವೆಂದು ತಂದು ಮೂರು ಕಿಲೋ ಕೆಡಿಸುವವನಿಗಿಂತ, ಏಳು ಕಿಲೋವನ್ನು ಪೂರ್ಣ ಬೆಲೆಗೆ ತಂದು ಏಳನ್ನೂ ಉಣ್ಣುವವನು ಲಾಭದಲ್ಲಿರಬಲ್ಲನು.

ಬೇಳೆಕಾಳುಗಳನ್ನು ಕೆಲವು ಗಂಟೆ ನೆನೆಹಾಕಿ ಬೇಯಿಸುವುದು, ಪಾತ್ರೆಗೆ ಮುಚ್ಚಳ ಮುಚ್ಚುವುದು, ಮನೆಯವರೆಲ್ಲ ಒಟ್ಟಿಗೆ ಕುಳಿತು ಉಂಡು ಎರಡು ಮೂರು ಬಾರಿ ಬಿಸಿಮಾಡುವುದನ್ನು ತಪ್ಪಿಸುವುದು, ಇವುಗಳಿಂದ ಗ್ಯಾಸ್ ಸಿಲಿಂಡರ್ ಕೆಲವು ದಿನ ಹೆಚ್ಚು ಬಾಳುತ್ತದೆ. ಅಗ್ನಿಯ ಆರಂಭವೂ ಕಡಿಮೆಯಾಗುತ್ತದೆ. ವಾರದ ಒಂದೊಂದು ದಿನ ತುಪ್ಪ, ಸಕ್ಕರೆ, ಎಣ್ಣೆ ಮೊದಲಾದವುಗಳಲ್ಲಿ ಒಂದು ರಸವನ್ನು ಬಿಡುವ ರೂಢಿಯೂ ಅನೇಕ ಮನೆಗಳಲ್ಲಿದೆ. ಉಣ್ಣುವಷ್ಟೇ ಬಡಿಸಿಕೊಂಡು ತಟ್ಟೆಯಲ್ಲಿ ಅಗುಳನ್ನೂ ಬಿಡದ ಮಗುವು ಲೆಕ್ಕದ ಪಾಠವನ್ನೂ ಅಹಿಂಸೆಯ ಪಾಠವನ್ನೂ ಒಂದೇ ತಟ್ಟೆಯಲ್ಲಿ ಕಲಿಯುತ್ತದೆ.

ಬಟ್ಟೆಯ ವಿಷಯದಲ್ಲಿ ಒಂದು ಸುಲಭ ನಿಯಮ ಸಾಕು. ಕಪಾಟಿನಲ್ಲಿರುವುದನ್ನು ಒಮ್ಮೆ ಎಣಿಸಿ ಆ ಸಂಖ್ಯೆಯನ್ನೇ ಗಡಿಯಾಗಿ ಇಟ್ಟುಕೊಳ್ಳುವುದು. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಬೇಕಾದವರ ಕೈ ಸೇರಬೇಕು. ಚಾತುರ್ಮಾಸ್ಯದ ನಾಲ್ಕು ತಿಂಗಳು ಬಟ್ಟೆ, ಒಡವೆ, ಮನೆಯ ಅಲಂಕಾರದ ಸಾಮಾನುಗಳನ್ನು ಕೊಳ್ಳುವುದಿಲ್ಲವೆಂದು ನಿಯಮ ಮಾಡಿದರೆ ವರ್ಷದ ಮೂರನೆಯ ಒಂದು ಭಾಗ ಆ ಖರ್ಚಿನಿಂದ ಬಿಡುಗಡೆಯಾದಂತೆ. ಆ ಅವಧಿಯಲ್ಲಿ ಬೇಕೆನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ, ನಾಲ್ಕು ತಿಂಗಳ ಬಳಿಕ ಅದರಲ್ಲಿ ಎಷ್ಟು ನಿಜವಾಗಿ ಬೇಕಾಗಿದ್ದವೆಂಬುದು ತಾನಾಗಿ ತಿಳಿಯುತ್ತದೆ.

ಪ್ರಯೋಜನವಿಲ್ಲದ ಖರ್ಚು

ಗುಣವ್ರತಗಳಲ್ಲಿ ಒಂದು ಅನರ್ಥದಂಡ ವಿರತಿ. ಪ್ರಯೋಜನವಿಲ್ಲದೆ ಮಾಡುವ ಪಾಪಕ್ರಿಯೆಯೇ ಅನರ್ಥದಂಡ. ಅದರ ಐದು ಪ್ರಕಾರಗಳಲ್ಲಿ ಪ್ರಮಾದಚರ್ಯೆಯೂ ಒಂದು. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು, ಗಿಡ ಕತ್ತರಿಸುವುದು, ಸುಮ್ಮನೆ ತಿರುಗಾಡುವುದು ಇವೆಲ್ಲ ಪ್ರಮಾದಚರ್ಯೆಯೆಂದು ಸಮಂತಭದ್ರರು ಎಣಿಸಿದ್ದಾರೆ. ನೀರು, ಬೆಂಕಿ, ಗಾಳಿ, ತಿರುಗಾಟಗಳಿಗೆ ಇಂದಿನ ಮನೆಯಲ್ಲಿ ಬಿಲ್ಲು ಬರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಯಾರೂ ಇಲ್ಲದ ಕೋಣೆಯಲ್ಲಿ 75 ವಾಟಿನ ಫ್ಯಾನ್ ದಿನಕ್ಕೆ 8 ಗಂಟೆ ತಿರುಗಿದರೆ ತಿಂಗಳಿಗೆ 18 ಯೂನಿಟ್ ವಿದ್ಯುತ್ ವ್ಯರ್ಥ. ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯು ದಿನಕ್ಕೆ 86,400 ಹನಿಗಳನ್ನು ಚೆಲ್ಲುತ್ತದೆ. ಅದರ ಕೆಳಗೆ ಒಂದು ಬಕೆಟ್ ಇಟ್ಟು ಮರುದಿನ ನೋಡಿದರೆ ಉಪದೇಶ ಬೇಕಾಗುವುದಿಲ್ಲ. ನೀರನ್ನು ಸೋಸಿ ಬಳಸುವ ಧರ್ಮದವರು ನೀರನ್ನು ಅಳೆಯದೆ ಬಳಸಿದರೆ ಸೋಸಿದ್ದರ ಅರ್ಥವೇ ಉಳಿಯುವುದಿಲ್ಲ. ಒಂದು ಹೊತ್ತಿನಲ್ಲಿ ಮುಗಿಯುವ ನಾಲ್ಕು ಕೆಲಸಗಳಿಗೆ ನಾಲ್ಕು ಬಾರಿ ಗಾಡಿ ತೆಗೆಯುವುದೂ ಇದೇ ವರ್ಗಕ್ಕೆ ಸೇರುತ್ತದೆ. ಇಲ್ಲಿ ಪುಣ್ಯದ ದಾರಿ ಬೇರೆ, ಲಾಭದ ದಾರಿ ಬೇರೆ ಎಂಬ ಭೇದವಿಲ್ಲ. ಸ್ವಿಚ್ ಆರಿಸಿದ ಕೈಯೇ ಹಿಂಸೆಯನ್ನೂ ಕಡಿಮೆ ಮಾಡುತ್ತದೆ, ಖರ್ಚನ್ನೂ ಕಡಿಮೆ ಮಾಡುತ್ತದೆ.

ಅನರ್ಥದಂಡದ ಇನ್ನೊಂದು ಪ್ರಕಾರ ದುಃಶ್ರುತಿ, ಮನಸ್ಸನ್ನು ಕದಡುವ ಮಾತುಗಳನ್ನು ಕೇಳುವುದು. ಹಗಲಿರುಳು ‘ಕೊಳ್ಳಿರಿ, ಇಂದೇ ಕೊಳ್ಳಿರಿ’ ಎನ್ನುವ ಜಾಹೀರಾತುಗಳನ್ನು ಕೇಳುತ್ತಾ ಕುಳಿತಿರುವುದನ್ನೂ ಇದರಲ್ಲಿ ಸೇರಿಸಬಹುದು. ಬೇಡಿಕೆ ಹುಟ್ಟಿದ ಮೇಲೆ ಅದನ್ನು ಅಡಗಿಸುವುದು ಕಷ್ಟ. ಅದು ಹುಟ್ಟುವ ಬಾಗಿಲನ್ನು ಮುಚ್ಚುವುದು ಸುಲಭ.

ಪರರ ವೈಭವ ಕಂಡು ಬೆರಗಾಗುವುದು

ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರರು ಹೇಳುವ ಐದು ಅತಿಚಾರಗಳಲ್ಲಿ ವಿಸ್ಮಯವೂ ಒಂದು. ಪರರ ವೈಭವವನ್ನು ಕಂಡು ಬೆರಗಾಗುವುದೂ ವ್ರತಕ್ಕೆ ಕಳಂಕವೆಂದು ಅವರು ಎಣಿಸಿದ್ದು ಗೃಹಸ್ಥಜೀವನದ ಮರ್ಮವನ್ನು ಬಲ್ಲ ಮಾತು. ಸಣ್ಣ ಖರ್ಚುಗಳು ಮನೆಯನ್ನು ನಿಧಾನವಾಗಿ ಸವೆಸುತ್ತವೆ. ವಿಸ್ಮಯದಿಂದ ಹುಟ್ಟಿದ ಖರ್ಚು ಒಂದೇ ದಿನದಲ್ಲಿ ಮುಳುಗಿಸುತ್ತದೆ. ಮದುವೆಯೇ ಇದಕ್ಕೆ ಸಾಕ್ಷಿ.

ನೆಂಟರ ಮನೆಯ ಮದುವೆಯಲ್ಲಿ ಮೂವತ್ತು ಬಗೆಯ ಭಕ್ಷ್ಯಗಳಿದ್ದವು ಎಂಬ ಕಾರಣಕ್ಕೆ ತನ್ನ ಮನೆಯ ಮದುವೆಯಲ್ಲಿ ಮೂವತ್ತೈದು ಬೇಕೆನ್ನುವ ತಂದೆಯು 5 ಲಕ್ಷ ರೂಪಾಯಿ ಸಾಲ ಮಾಡಿದನೆಂದು ಭಾವಿಸಬಹುದು. ಶೇ 12ರ ಬಡ್ಡಿಯಲ್ಲಿ ಐದು ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 11,100 ರೂಪಾಯಿ. ತೀರಿಸುವ ಹೊತ್ತಿಗೆ ಬಡ್ಡಿಯೇ ಸುಮಾರು 1.67 ಲಕ್ಷ. ಬಂದವರು ಊಟದ ರುಚಿಯನ್ನು ಮರುವಾರವೇ ಮರೆತಿರುತ್ತಾರೆ. ಕಂತು ಅರವತ್ತು ತಿಂಗಳು ಮರೆಯಗೊಡುವುದಿಲ್ಲ. ಆ ಅವಧಿಯಲ್ಲಿ ತಂದೆಗೆ ಕಾಯಿಲೆ ಬಂದರೆ, ಕಿರಿಯ ಮಗನ ಓದಿನ ಶುಲ್ಕ ಕಟ್ಟಬೇಕಾಗಿ ಬಂದರೆ ಮನೆಯವರು ಮತ್ತೆ ಸಾಲದ ಬಾಗಿಲಿಗೇ ಹೋಗಬೇಕು. ಮಗಳ ಮೇಲಿನ ಪ್ರೀತಿಯಿಂದ ಆರಂಭವಾದದ್ದು ಮಗನ ಓದನ್ನು ತಡೆಯುವಂತಾದರೆ ಅದನ್ನು ಪ್ರೀತಿಯ ಖರ್ಚೆಂದು ಹೇಗೆ ಕರೆಯುವುದು?

ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೆಂದರೆ ಹಳ್ಳಿಯ ರೈತನೂ ಹೆದರುತ್ತಾನೆ. ವರ್ಷಕ್ಕೆ ಅದು ಶೇ 36. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪೂರ್ತಿ ಕಟ್ಟದೆ ಮುಂದೂಡುವವರು ಅಂಥದೇ ಬಡ್ಡಿಯನ್ನು, ಕೆಲವೊಮ್ಮೆ ಅದಕ್ಕಿಂತ ಹೆಚ್ಚನ್ನು, ಹೆದರದೆ ಕಟ್ಟುತ್ತಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತಿಗೆ ಇಂದು ಒಂದು ಮಾತು ಸೇರಿಸಬೇಕು: ಸಾಲ ತಂದ ಹಾಸಿಗೆಯನ್ನು ತನ್ನದೆಂದು ಅಳೆಯಬಾರದು.

ಅಕ್ಷಯ ತೃತೀಯೆಯ ವಿಷಯವೂ ಇಲ್ಲಿ ಸ್ಮರಣೀಯ. ದೀರ್ಘ ಉಪವಾಸದ ಬಳಿಕ ಆದಿ ತೀರ್ಥಂಕರ ವೃಷಭದೇವರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನು ಆಹಾರವಾಗಿ ನೀಡಿದ ದಿನವದು. ಜೈನರಿಗೆ ಅದು ದಾನಪರಂಪರೆ ಮೊದಲಾದ ದಿನ. ಕೊಟ್ಟವನನ್ನು ನೆನೆಯಬೇಕಾದ ಆ ದಿನವೇ ಚಿನ್ನದಂಗಡಿಯ ಮುಂದೆ ಕೊಳ್ಳುವವರ ಸಾಲು ಬೆಳೆಯುತ್ತದೆ. ಕಷ್ಟಕಾಲಕ್ಕೆಂದು ಚಿನ್ನ ಕೊಳ್ಳುವುದು ತಪ್ಪಲ್ಲ. ಆದರೆ ಕೊಳ್ಳದಿದ್ದರೆ ಅಶುಭವೆಂಬ ಭಯದಿಂದ ಸಾಲ ಮಾಡಿ ಕೊಳ್ಳುವುದಕ್ಕೂ ಆ ಪರ್ವಕ್ಕೂ ಸಂಬಂಧವಿಲ್ಲ.

ಮಿತವ್ಯಯ ಬೇರೆ, ಜಿಪುಣತನ ಬೇರೆ

ಉಳಿತಾಯದ ಹೆಸರಿನಲ್ಲಿ ಎಚ್ಚರ ತಪ್ಪುವ ಇನ್ನೊಂದು ಕಡೆಯಿದೆ. ತನ್ನ ಭೋಗವನ್ನು ಕಡಿಮೆ ಮಾಡಿ ಉಳಿಸುವುದು ಮಿತವ್ಯಯ. ಪರರ ಪಾಲನ್ನು ಕಡಿಮೆ ಮಾಡಿ ಉಳಿಸುವುದು ಲೋಭ. ಮನೆಗೆಲಸದವಳ ರಜೆಗೆ ಕೂಲಿ ಕಡಿದು, ತಲೆಯ ಮೇಲೆ ಬುಟ್ಟಿ ಹೊತ್ತು ಬಂದ ಸೊಪ್ಪಿನವಳೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡಿ, ವೃದ್ಧ ತಾಯಿಯ ಕನ್ನಡಕವನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ಮುಂದೂಡಿ ಕೂಡಿಟ್ಟ ಹಣವನ್ನು ಯಾವ ವ್ರತವೂ ಒಪ್ಪುವುದಿಲ್ಲ. ತೂಕ ಮತ್ತು ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ಕಳವಿನ ಮಾಲನ್ನು ಕೊಳ್ಳುವುದನ್ನೂ ಅಚೌರ್ಯ ಅಣುವ್ರತದ ಅತಿಚಾರಗಳೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಅಗ್ಗವಾಗಿ ಸಿಕ್ಕಿತೆಂಬುದು ಎಲ್ಲದಕ್ಕೂ ಸಮರ್ಥನೆಯಲ್ಲ. ಯಾರ ನಷ್ಟದಿಂದ ಅಗ್ಗವಾಯಿತೆಂಬುದನ್ನೂ ಕೇಳಬೇಕು.

ದಶಲಕ್ಷಣ ಪರ್ವದಲ್ಲಿ ಆರಾಧಿಸುವ ಉತ್ತಮ ಶೌಚಧರ್ಮದ ಅರ್ಥವೂ ಇದೇ. ಶೌಚವೆಂದರೆ ಮೈ ತೊಳೆಯುವುದಲ್ಲ, ಲೋಭದ ಕೊಳೆಯನ್ನು ತೊಳೆಯುವುದು. ದುಂದುಗಾರನೂ ಜಿಪುಣನೂ ಮೇಲ್ನೋಟಕ್ಕೆ ವಿರುದ್ಧ ದಿಕ್ಕಿನವರಂತೆ ಕಂಡರೂ ಇಬ್ಬರಿಗೂ ‘ಸಾಕು’ ಎಂಬ ಮಾತು ತಿಳಿಯದು. ಒಬ್ಬನಿಗೆ ವಸ್ತು ಸಾಲದು, ಇನ್ನೊಬ್ಬನಿಗೆ ಗಂಟು ಸಾಲದು.

ದಿನದ ಕೂಲಿಯಿಂದ ದಿನದ ಅಕ್ಕಿ ಕೊಳ್ಳುವ ಮನೆಗಳೂ ಇವೆ. ಅಲ್ಲಿ ಕಡಿಮೆ ಮಾಡಲು ಭೋಗವೇ ಇಲ್ಲ. ಅವರಿಗೆ ಮಿತವ್ಯಯವನ್ನು ಬೋಧಿಸುವುದು ಧರ್ಮವಲ್ಲ. ಉಳ್ಳವರ ಮನೆಯಲ್ಲಿ ಉಳಿದದ್ದು ಅವರ ಮನೆಗೆ ತಲುಪುವುದು ಧರ್ಮ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಹೇಳಿರುವುದು ಇದಕ್ಕಾಗಿಯೇ.

ಉಳಿದದ್ದು ಎಲ್ಲಿಗೆ ಹೋಗಬೇಕು

ಹತ್ತನೆಯ ಶತಮಾನದ ಅತ್ತಿಮಬ್ಬೆಯನ್ನು ಕನ್ನಡ ನಾಡು ದಾನಚಿಂತಾಮಣಿಯೆಂದು ಕರೆಯಿತು. ಪೊನ್ನಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಆಕೆ ಹಂಚಿದಳೆಂಬುದು ಪ್ರಸಿದ್ಧ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓಲೆಗರಿಯ ಒಂದೊಂದು ಪ್ರತಿಯನ್ನೂ ಒಬ್ಬ ಲಿಪಿಕಾರ ಕುಳಿತು ಬರೆಯಬೇಕಾಗಿತ್ತು. ಐಶ್ವರ್ಯವಿದ್ದ ಆ ಮಹಿಳೆ ಅದನ್ನು ತನ್ನ ವೈಭವಕ್ಕೆ ಸುರಿದಿದ್ದರೆ ಕೇಳುವವರಿರಲಿಲ್ಲ. ಇಂದು ನೆನೆಯುವವರೂ ಇರುತ್ತಿರಲಿಲ್ಲ. ಎಲ್ಲರೂ ಅತ್ತಿಮಬ್ಬೆಯಾಗಲಾರರು. ಆದರೆ ಚಾತುರ್ಮಾಸ್ಯದಲ್ಲಿ ಕೊಳ್ಳದೆ ಬಿಟ್ಟ ಒಂದು ಸೀರೆಯ ಬೆಲೆಯಲ್ಲಿ ಒಬ್ಬ ಬಡ ವಿದ್ಯಾರ್ಥಿಯ ವರ್ಷದ ಪುಸ್ತಕಗಳು ಬರಬಹುದು. ಅದೂ ಶಾಸ್ತ್ರದಾನವೇ.

ಆರಂಭ ಸರಳವಾಗಿರಲಿ. ತಿಂಗಳಲ್ಲಿ ಒಂದು ದಿನ, ಚತುರ್ದಶಿಯಾದರೆ ಒಳ್ಳೆಯದು, ಮನೆಯವರೆಲ್ಲ ಮಕ್ಕಳೊಡನೆ ಅರ್ಧ ಗಂಟೆ ಕುಳಿತುಕೊಳ್ಳಬೇಕು. ಕಳೆದ ತಿಂಗಳ ಖರ್ಚನ್ನು ಒಂದು ನೋಟುಪುಸ್ತಕದಲ್ಲಿ ಭೋಗ, ಉಪಭೋಗ, ಅನರ್ಥ, ಸಾಲ, ದಾನ ಎಂಬ ಐದು ಸಾಲುಗಳಾಗಿ ಬರೆಯಬೇಕು. ಅನರ್ಥದ ಸಾಲನ್ನು ಯಾರ ತಪ್ಪೆಂದು ಹುಡುಕುವ ಬದಲು ಮುಂದಿನ ತಿಂಗಳು ಅದರಲ್ಲಿ ಯಾವ ಒಂದನ್ನು ಬಿಡುವುದೆಂದು ನಿಶ್ಚಯಿಸಬೇಕು. ಒಂದೇ ಸಾಕು, ಹತ್ತು ನಿಯಮ ಮಾಡಿ ಒಂಬತ್ತನ್ನು ಮುರಿಯುವುದಕ್ಕಿಂತ ಒಂದನ್ನು ಮಾಡಿ ಉಳಿಸಿಕೊಳ್ಳುವುದು ಲೇಸು. ಸಂಬಳ ಬಂದ ದಿನವೇ ಉಳಿತಾಯದ ಪಾಲನ್ನೂ, ಅದರಲ್ಲೊಂದು ಸಣ್ಣ ಭಾಗವನ್ನು ದಾನಕ್ಕೆಂದೂ ತೆಗೆದಿಡಬೇಕು. ಖರ್ಚಾಗಿ ಉಳಿದದ್ದನ್ನು ಕೂಡಿಡುತ್ತೇನೆಂದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಾಲವಿದ್ದರೆ, ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಬೇಕು. ಅದು ತೀರುವವರೆಗೆ ಹೊಸ ಸಾಲವಿಲ್ಲವೆಂಬುದೇ ಆ ಮನೆಯ ನಿಯಮವಾಗಬೇಕು.

ಕೆಲವು ತಿಂಗಳುಗಳಲ್ಲಿ ಪುಸ್ತಕದ ಲೆಕ್ಕ ಬದಲಾಗುತ್ತದೆ. ಅದಕ್ಕಿಂತ ಮೊದಲೇ ಮನೆಯ ಮಾತುಕತೆ ಬದಲಾಗುತ್ತದೆ. ‘ಇನ್ನೇನು ಕೊಳ್ಳೋಣ’ ಎನ್ನುತ್ತಿದ್ದ ಮಕ್ಕಳು ‘ಇದು ನಮಗೆ ಬೇಕೇ’ ಎಂದು ಕೇಳತೊಡಗುತ್ತಾರೆ. ತಂದೆ ತಾಯಿಗಳು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಲ್ಲಿ ಹೊಲ ಮನೆಗಳು ಪಾಲಾಗುತ್ತವೆ, ಚಿನ್ನ ಕರಗುತ್ತದೆ. ‘ಸಾಕು’ ಎನ್ನಲು ಕಲಿತ ಮನಸ್ಸು ಮಾತ್ರ ಪಾಲಾಗದೆ ಪ್ರತಿಯೊಬ್ಬ ಮಗುವಿಗೂ ಪೂರ್ತಿಯಾಗಿಯೇ ದೊರೆಯುತ್ತದೆ.